ಕೈ ತಪ್ಪಿದ ಗಿಯರು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳಿದರು. ಮೋಟಾರು ಗಾಡಿಯನ್ನು ಕಂಡಿದ್ದರೆ ಅವರು ಈ ಗಾದೆಗೆ ಇನ್ನೊಂದು ತುಂಡನ್ನು ಸೇರಿಸುತ್ತಿದ್ದರೋ ಏನೋ: ಗಿಯರು ತಪ್ಪಿದರೆ ಹೋಯಿತು. ಆಡಿದ ಮಾತಿಗಾದರೂ ಕ್ಷಮೆ ಬೇಡಬಹುದು. ವೇಗವಾಗಿ ಓಡುತ್ತಿರುವ ಕಾರಿನಲ್ಲಿ ಕೈಯೊಂದು ನಾಲ್ಕನೆಯ ಗಿಯರಿಗೆ ಬದಲಾಗಿ ಎರಡನೆಯದನ್ನು ಹಾಕಿ, ಕಾಲು ಕ್ಲಚ್ಚನ್ನು ಬಿಟ್ಟಿತೆಂದರೆ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಎಂಜಿನ್ನಿನ ಆಯುಸ್ಸು ಮುಗಿದುಹೋಗಬಹುದು. ವೇಗದ ಕಾರುಗಳ ಹುಚ್ಚುಳ್ಳವರು ಇಂಗ್ಲಿಷಿನಲ್ಲಿ ಇದಕ್ಕೆ ‘ಮನಿ ಶಿಫ್ಟ್’ ಎಂಬ ಹೆಸರಿಟ್ಟಿದ್ದಾರೆ. ಹಣ ತರುವ ಗಿಯರೆಂದು ಯಾರೂ ಭ್ರಮಿಸಬಾರದು. ಹಣ ನುಂಗುವ ಗಿಯರು.

ಸ್ಪೋರ್ಟ್ಸ್ ಕಾರು ಕೊಳ್ಳುವ ಶ್ರೀಮಂತರ ಈ ಚಿಂತೆ ನಮಗೇಕೆ ಎಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ನಮ್ಮ ಮನೆಯ ಮಕ್ಕಳು ಇಂದು ದೇಶ ದೇಶಗಳಲ್ಲಿ ನೆಲೆಸಿದ್ದಾರೆ. ಹತ್ತಾರು ವರ್ಷ ಹಳೆಯದಾದ ಒಂದು ಚುರುಕಿನ ಕಾರನ್ನು ಕೊಳ್ಳುವಷ್ಟು ಸಂಪಾದನೆ ಅವರಲ್ಲಿ ಅನೇಕರಿಗೆ ಉಂಟು. ಮೇಲಾಗಿ, ಎಂಜಿನ್ನಿನ ಧರ್ಮ ಎಲ್ಲ ಗಾಡಿಗಳಿಗೂ ಒಂದೇ. ಮನೆಯ ಮುಂದೆ ನಿಂತಿರುವ ಪುಟ್ಟ ಕಾರಿಗೂ ಈ ಅಪಾಯ ಇದ್ದೇ ಇದೆ. ವೇಗದ ಕಾರಿನಲ್ಲಿ ಅದು ಎದ್ದು ಕಾಣುತ್ತದೆ, ಅಷ್ಟೆ.

ಗಿಯರು ತಪ್ಪುವುದರಲ್ಲಿ ಎರಡು ಬಗೆ. ಒಂದು, ಹಾಕಬೇಕಾದ ಗಿಯರು ಬೀಳದೆ ಹಿಡಿಯು ನ್ಯೂಟ್ರಲಿನಲ್ಲೇ ಉಳಿಯುವುದು. ಹಲ್ಲುಗಳು ಕರಕರನೆ ಮೊರೆಯುತ್ತವೆ, ಎಂಜಿನ್ನು ಒಮ್ಮೆ ಕಿರುಚುತ್ತದೆ, ಪಕ್ಕದಲ್ಲಿ ಕುಳಿತವರು ನಮ್ಮ ಮುಖ ನೋಡುತ್ತಾರೆ. ಇದರಿಂದ ಮಾನಕ್ಕೆ ಕುಂದೇ ಹೊರತು ಎಂಜಿನ್ನಿಗೆ ಅಷ್ಟಾಗಿ ಅಲ್ಲ. ಎರಡನೆಯದು, ಮೇಲಿನ ಗಿಯರಿಗೆ ಹೋಗಬೇಕಾದ ಹಿಡಿ ಕೆಳಗಿನ ಗಿಯರಿಗೆ ಬೀಳುವುದು. ಸದ್ದಿನಲ್ಲಿ ಮೊದಲನೆಯದೇ ದೊಡ್ಡದು. ಅನಾಹುತದಲ್ಲಿ ಎರಡನೆಯದಕ್ಕೆ ಸಾಟಿಯಿಲ್ಲ.

ಒಂದು ನಿಜವಾದ ಕಾರನ್ನು ತೆಗೆದುಕೊಂಡು ಲೆಕ್ಕ ಹಾಕಿ ನೋಡೋಣ. ಜಪಾನಿನ ಹೋಂಡಾ ಸಂಸ್ಥೆ 1999ರಿಂದ 2009ರವರೆಗೆ ಎಸ್‌2000 ಎಂಬ ಎರಡು ಸೀಟಿನ ತೆರೆದ ಕಾರನ್ನು ತಯಾರಿಸಿತು. ಆರು ಗಿಯರು, ಎಲ್ಲವನ್ನೂ ಕೈಯಿಂದಲೇ ಹಾಕಬೇಕು. ಅದರ ಮೊದಲ ಮಾದರಿಯ ಎಂಜಿನ್ನು ನಿಮಿಷಕ್ಕೆ ಸುಮಾರು 9000 ಸುತ್ತು ತಿರುಗಬಲ್ಲದು. ಆ ವೇಗದಲ್ಲಿ ಒಂದೊಂದು ಪಿಸ್ಟನ್ನೂ ಸೆಕೆಂಡಿಗೆ 150 ಸಲ ಮೇಲಕ್ಕೆ ಹೋಗಿ ಕೆಳಕ್ಕೆ ಬರುತ್ತದೆ. ಒಂದೊಂದು ವಾಲ್ವೂ ಸೆಕೆಂಡಿಗೆ 75 ಸಲ ತೆರೆದು ಮುಚ್ಚುತ್ತದೆ. ಗಡಿಯಾರದ ಮುಳ್ಳು ಒಮ್ಮೆ ಟಿಕ್ ಎನ್ನುವಷ್ಟರಲ್ಲಿ ಇಷ್ಟೆಲ್ಲ ನಡೆಯುತ್ತದೆಂದರೆ ಮನುಷ್ಯನ ಜಾಣ್ಮೆಗೆ ತಲೆದೂಗಬೇಕು.

ಈ ಕಾರಿನ ಎರಡನೆಯ ಗಿಯರಿನ ಪ್ರಮಾಣ 2.045, ಮೂರನೆಯದರದು 1.481, ನಾಲ್ಕನೆಯದರದು 1.161. ಮೂರನೆಯ ಗಿಯರಿನಲ್ಲಿ ಎಂಜಿನ್ನು 8000 ಸುತ್ತಿನಲ್ಲಿದ್ದಾಗ ಕಾರಿನ ವೇಗ ಗಂಟೆಗೆ ಸುಮಾರು 135 ಕಿಲೋಮೀಟರ್. ಅಲ್ಲಿಂದ ನಾಲ್ಕಕ್ಕೆ ಹೋದರೆ ಎಂಜಿನ್ನು ಸುಮಾರು 6300 ಸುತ್ತಿಗೆ ಇಳಿದು ನೆಮ್ಮದಿಯಾಗಿ ಉಸಿರಾಡುತ್ತದೆ. ಅದೇ ಕೈ ತಪ್ಪಿ ಎರಡಕ್ಕೆ ಹೋಯಿತೆನ್ನಿ. ಆ ಗಿಯರಿನ ಎಲ್ಲೆ 110 ಕಿಲೋಮೀಟರಿನ ಆಸುಪಾಸಿಗೇ ಮುಗಿಯಿತು. ಕಾರು ಓಡುತ್ತಿರುವುದು 135ರಲ್ಲಿ. ಎಂಜಿನ್ನು 11,000 ಸುತ್ತು ತಿರುಗಲೇಬೇಕು. ತಿರುಗಲಾರೆನೆಂದು ಹೇಳಲು ಅದಕ್ಕೆ ಬಾಯಿಲ್ಲ.

‘ಎಂಜಿನ್ನು ಮಿತಿ ಮೀರದಂತೆ ತಡೆಯುವ ಉಪಕರಣವೊಂದು ಇದೆಯಲ್ಲ?’ ಎಂದು ಬಲ್ಲವರು ಕೇಳಬಹುದು. ಇದೆ. ಸುತ್ತು ಮಿತಿ ಮುಟ್ಟಿದೊಡನೆ ಅದು ಪೆಟ್ರೋಲನ್ನೋ ಕಿಡಿಯನ್ನೋ ನಿಲ್ಲಿಸುತ್ತದೆ. ಆದರೆ ಇಲ್ಲಿ ಎಂಜಿನ್ನನ್ನು ತಿರುಗಿಸುತ್ತಿರುವುದು ಪೆಟ್ರೋಲಲ್ಲ, ಚಕ್ರಗಳು. ಆಗುಂಬೆಯ ಘಾಟಿಯ 14 ತಿರುವುಗಳನ್ನು ಇಳಿದವರಿಗೆ ಈ ಮಾತು ಬೇಗ ಅರ್ಥವಾದೀತು. ಇಳಿಜಾರಿನಲ್ಲಿ ಅನುಭವಿ ಡ್ರೈವರು ಬ್ರೇಕನ್ನೇ ನೆಚ್ಚದೆ ಗಾಡಿಯನ್ನು ಕೆಳಗಿನ ಗಿಯರಿನಲ್ಲಿ ಇಳಿಸುತ್ತಾನೆ. ಆಗ ಗಾಡಿಯ ಭಾರ ಚಕ್ರವನ್ನು ತಿರುಗಿಸುತ್ತದೆ, ಚಕ್ರ ಎಂಜಿನ್ನನ್ನು ತಿರುಗಿಸುತ್ತದೆ. ಆ ಶ್ರಮದಲ್ಲಿ ಗಾಡಿಯ ಓಟ ಕುಗ್ಗುತ್ತದೆ. ಘಾಟಿಯಲ್ಲಿ ನಮ್ಮನ್ನು ಕಾಯುವ ಈ ಗುಣವೇ ಗಿಯರು ತಪ್ಪಿದಾಗ ಕೊಲ್ಲಲು ಬರುತ್ತದೆ. ಪೆಟ್ರೋಲನ್ನು ತಡೆಯುವ ಉಪಕರಣ ಮುಂಬಾಗಿಲ ಕಾವಲುಗಾರನಿದ್ದಂತೆ. ಈ ಕಳ್ಳ ಬರುವುದು ಹಿತ್ತಿಲ ಬಾಗಿಲಿನಿಂದ.

ಒಳಗೆ ಆಗುವುದೇನು? ಹಿಂದೆ ನಮ್ಮ ಹಳ್ಳಿಗಳಲ್ಲಿ ಇಬ್ಬರು ಹೆಂಗಸರು ಎದುರುಬದುರು ನಿಂತು ಒಂದೇ ಒರಳಿನಲ್ಲಿ ಎರಡು ಒನಕೆಗಳಿಂದ ಭತ್ತ ಕುಟ್ಟುತ್ತಿದ್ದರು. ಒಂದು ಒನಕೆ ಏಳುವಾಗ ಇನ್ನೊಂದು ಬೀಳಬೇಕು. ತಾಳ ತಪ್ಪಿತೋ, ಒನಕೆಗೆ ಒನಕೆ ಬಡಿಯಿತು. ಇಂತಹ ಎಂಜಿನ್ನಿನ ಸಿಲಿಂಡರಿನಲ್ಲಿ ಪಿಸ್ಟನ್ನಿಗೂ ವಾಲ್ವಿಗೂ ಇರುವ ಒಪ್ಪಂದ ಇದೇ. ಪಿಸ್ಟನ್ನು ಮೇಲೇರಿ ಬರುವಷ್ಟರಲ್ಲಿ ವಾಲ್ವು ತನ್ನ ಸ್ಥಾನಕ್ಕೆ ಮರಳಿರಬೇಕು. ಮರಳಿಸುವ ಕೆಲಸ ಸ್ಪ್ರಿಂಗಿನದು. ವೇಗ ಮಿತಿ ಮೀರಿದಾಗ ಆ ಕೆಲಸಕ್ಕೆ ಸ್ಪ್ರಿಂಗಿನ ಬಲ ಸಾಲದೆ ವಾಲ್ವು ತೇಲಿ ನಿಲ್ಲುತ್ತದೆ. ಕೆಳಗಿನಿಂದ ಬಂದ ಪಿಸ್ಟನ್ನು ಅದನ್ನು ಗುದ್ದುತ್ತದೆ. ವಾಲ್ವು ಬಾಗುತ್ತದೆ, ಒಮ್ಮೊಮ್ಮೆ ಮುರಿದು ಒಳಕ್ಕೇ ಬೀಳುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ. ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಎಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 9000 ಸುತ್ತಿನಲ್ಲಿ ಇದ್ದ ಎಳೆತ 11,000ದಲ್ಲಿ ಸುಮಾರು ಒಂದೂವರೆ ಪಾಲಾಗುತ್ತದೆ. ರಾಡಿನ ಬೋಲ್ಟುಗಳು ಹಿಗ್ಗಬಹುದು, ಬೇರಿಂಗು ಸವೆಯಬಹುದು, ಕ್ಲಚ್ಚಿನ ತಟ್ಟೆ ಒಡೆಯಬಹುದು. ಹಿಂದಿನ ಚಕ್ರಗಳು ಒಮ್ಮೆಗೇ ತಡೆದು ಕಾರು ಗಿರ್ರನೆ ತಿರುಗಿ ಜೀವಕ್ಕೇ ಸಂಚಕಾರ ಬರುವುದೂ ಉಂಟು.

ಇದೆಲ್ಲ ನನಗೆ ಪುಸ್ತಕದ ಮಾತಾಗಿಯೇ ಉಳಿಯುತ್ತಿತ್ತು, ನನ್ನ ಸೋದರಳಿಯ ಕ್ಯಾಲಿಫೋರ್ನಿಯದಲ್ಲಿ ಆ ಹೋಂಡಾ ಕಾರನ್ನು ಕೊಳ್ಳದಿದ್ದರೆ. ಮೂರು ವರ್ಷ ಸಿನಿಮಾ, ಹೋಟೆಲು, ಪ್ರವಾಸ ಎಲ್ಲವನ್ನೂ ಕಡಿಮೆ ಮಾಡಿ ಕೂಡಿಸಿದ ಹಣದಿಂದ ಕೊಂಡ ಹಳೆಯ ಕಾರು. ನಾನು ಅಲ್ಲಿಗೆ ಹೋಗಿದ್ದಾಗ, ಮಾಂಟೆರೆ ಊರಿನ ಬಳಿಯ ಲಗೂನಾ ಸೆಕಾ ಪಥಕ್ಕೆ ನನ್ನನ್ನು ಕರೆದುಕೊಂಡು ಹೋದ. 1957ರಲ್ಲಿ ತೆರೆದ ಈ ಪಥದ ಉದ್ದ ಸುಮಾರು 3.6 ಕಿಲೋಮೀಟರ್. ಗುಡ್ಡದ ನೆತ್ತಿಗೇರಿ, ಅಲ್ಲಿಂದ ಬಾವಿಗಿಳಿದಂತೆ ಸುತ್ತಿ ಇಳಿಯುವ ಒಂದು ತಿರುವು ಅಲ್ಲಿ ಜಗತ್ಪ್ರಸಿದ್ಧ. ಜನಸಾಮಾನ್ಯರು ಶುಲ್ಕ ಕೊಟ್ಟು ತಮ್ಮ ಸ್ವಂತ ಕಾರನ್ನು ಓಡಿಸಬಹುದಾದ ದಿನಗಳೂ ಅಲ್ಲಿ ಇರುತ್ತವೆ.

ನಾನು ಬೇಲಿಯ ಈಚೆ ನಿಂತಿದ್ದೆ. ಗುಡ್ಡದ ಏರಿನಲ್ಲಿ ಅವನ ಕಾರಿನ ಸ್ವರ ಮೇಲೇರುತ್ತ ಬಂದಿತು. ಏರಿದ ಸ್ವರ ಗಿಯರು ಬದಲಾಗುತ್ತಲೇ ಒಂದು ಮೆಟ್ಟಿಲು ಇಳಿಯಬೇಕು; ಸಂಗೀತದ ಗಂಧವಿಲ್ಲದ ನನ್ನ ಕಿವಿಗೂ ಅಷ್ಟು ಹೊತ್ತಿಗೆ ಆ ಕ್ರಮ ಪರಿಚಯವಾಗಿತ್ತು. ಆ ಸಲ ಸ್ವರ ಇಳಿಯಲಿಲ್ಲ. ಇನ್ನೂ ಮೇಲಕ್ಕೆ ಹಾರಿತು, ಹಿಂದಿನ ಚಕ್ರಗಳು ಕೀರಿದವು, ಮರುಕ್ಷಣ ಮೌನ. ಕಾರು ಪಕ್ಕಕ್ಕೆ ಸರಿದು ನಿಧಾನವಾಗಿ ಹೊರಗೆ ಬಂದಿತು.

ಇಳಿದವನ ಮುಖ ಬಿಳಿಚಿತ್ತು. ಆದರೂ ಎಂಜಿನ್ನನ್ನು ಮತ್ತೆ ಚಾಲೂ ಮಾಡಿ, “ಕೇಳಿ ಮಾವ, ಎಷ್ಟು ಚೆನ್ನಾಗಿ ಓಡುತ್ತಿದೆ! ಏನೂ ಆಗಿಲ್ಲ. ಇನ್ನೊಂದು ಸುತ್ತು ಹೋಗಿ ಬರುತ್ತೇನೆ” ಎಂದ.

“ಬೇಡಪ್ಪ. ಬಿದ್ದ ಮಗು ಅಳಲಿಲ್ಲವೆಂದು ಪೆಟ್ಟಾಗಿಲ್ಲ ಅನ್ನುವುದಕ್ಕಾಗುತ್ತದೆಯೆ? ಮೊದಲು ಯಾರಿಗಾದರೂ ತೋರಿಸು” ಎಂದೆ.

“ಸುಮ್ಮನೆ ಖರ್ಚು, ಮಾವ.”

“ಖರ್ಚು ಇವತ್ತೋ, ನಾಳೆಯೋ? ಅದನ್ನು ಮಾತ್ರ ನೀನು ಆರಿಸಿಕೊಳ್ಳಬಹುದು.”

ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದ. ಕಾರನ್ನು ಇನ್ನೊಂದು ಗಾಡಿಯ ಮೇಲೆ ಹೇರಿಸಿ, ಈ ಬಗೆಯ ಎಂಜಿನ್ನುಗಳಲ್ಲಿ ಕೈ ಪಳಗಿದ ಒಬ್ಬ ವೃದ್ಧ ಮೆಕ್ಯಾನಿಕನ ಬಳಿ ಕಳುಹಿಸಿದೆವು. ಅವರು ಸಿಲಿಂಡರುಗಳಿಗೆ ಗಾಳಿ ತುಂಬಿ ಎಲ್ಲಿಯಾದರೂ ಸೋರುತ್ತದೆಯೇ ಎಂದು ಪರೀಕ್ಷಿಸಿದರು. ಸೋರಲಿಲ್ಲ. ಅಳಿಯ ನನ್ನತ್ತ ಗೆದ್ದವನ ನೋಟ ಬೀರಿದ. ವೃದ್ಧರು ಮಾತ್ರ ಅವಸರಪಡದೆ ಮೇಲಿನ ಮುಚ್ಚಳವನ್ನು ಬಿಚ್ಚಿ, ಹದಿನಾರು ವಾಲ್ವುಗಳ ತಲೆಯನ್ನೂ ಒಂದೊಂದಾಗಿ ದೀಪ ಹಿಡಿದು ನೋಡಿದರು. ವಾಲ್ವಿನ ಸ್ಪ್ರಿಂಗನ್ನು ಮೇಲಿನಿಂದ ಹಿಡಿದಿಡುವ, ನಾಣ್ಯದಷ್ಟಗಲದ ಒಂದು ಬಿಲ್ಲೆ ಇರುತ್ತದೆ. ಅದನ್ನು ರಿಟೈನರ್ ಎನ್ನುತ್ತಾರೆ. ಹನ್ನೊಂದನೆಯದೋ ಹನ್ನೆರಡನೆಯದೋ ಇರಬೇಕು, ಅವರ ಕೈ ನಿಂತಿತು. ಬಿಲ್ಲೆಯಲ್ಲಿ ಕೂದಲೆಳೆಯಷ್ಟು ತೆಳುವಾದ ಒಂದು ಬಿರುಕು. ಇನ್ನೊಂದು ಸುತ್ತೋ, ಇನ್ನೊಂದು ತಿಂಗಳೋ ಓಡಿಸಿದ್ದರೆ ಬಿಲ್ಲೆ ಒಡೆದು, ವಾಲ್ವು ಸಿಲಿಂಡರಿನೊಳಕ್ಕೆ ಬಿದ್ದು, ಎಂಜಿನ್ನು ಕಬ್ಬಿಣದ ಅಂಗಡಿಯ ಪಾಲಾಗುತ್ತಿತ್ತು. ಆ ಮೊದಲ ಮಾದರಿಗೆ ಇದು ಬಲ್ಲವರೆಲ್ಲ ಬಲ್ಲ ದೌರ್ಬಲ್ಯವಂತೆ. 2004ರ ನಂತರದ ಮಾದರಿಯ ಗಟ್ಟಿಯಾದ ಬಿಲ್ಲೆಗಳನ್ನು ಹದಿನಾರಕ್ಕೂ ಹಾಕಿಸಿದ್ದಾಯಿತು. ಖರ್ಚಾಯಿತು, ನಿಜ; ಆದರೆ ಹೊಸ ಎಂಜಿನ್ನಿನ ಬೆಲೆಯ ಮುಂದೆ ಅದು ಪುಡಿಗಾಸು.

ಇಷ್ಟು ಚಿಕ್ಕ ತಪ್ಪು ಏಕೆ ಆಗುತ್ತದೆ? ಗಾಬರಿಯಾದ ಕೈ ಗಿಯರಿನ ಹಿಡಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿಯುತ್ತದೆ. ಬಿಗಿಹಿಡಿದ ಮುಷ್ಟಿ ಎಳೆಯುವಾಗ ತನ್ನ ಮೈಯ ಕಡೆಗೇ ಎಳೆಯುತ್ತದೆ. ಅಮೆರಿಕದ ಗಾಡಿಯಲ್ಲಿ ಚಾಲಕ ಎಡಗಡೆ ಕೂರುತ್ತಾನೆ. ಹಿಡಿ ಅವನ ಬಲಗೈಗೆ ಬರುತ್ತದೆ. ಒಂದು ಮತ್ತು ಎರಡನೆಯ ಗಿಯರುಗಳ ಸಾಲು ಅವನ ಮೈಗೆ ಹತ್ತಿರ. ಮೂರರಿಂದ ನಾಲ್ಕಕ್ಕೆ ನೇರವಾಗಿ ಹಿಂದಕ್ಕೆ ಬರಬೇಕಾದ ಹಿಡಿ ಕೊಂಚ ಮೈಯ ಕಡೆಗೆ ವಾಲಿದರೆ ಎರಡಕ್ಕೆ ಬಿದ್ದಿತು. ನಮ್ಮ ದೇಶದಲ್ಲಿ ಚಾಲಕ ಬಲಗಡೆ ಕೂರುವುದರಿಂದ ಆ ಸಾಲು ಮೈಯಿಂದ ದೂರ. ಇಲ್ಲಿ ಹಿಡಿಯನ್ನು ಆಚೆಗೆ ತಳ್ಳುವ ಕೈ ಅಪಾಯಕಾರಿ. ಬೆಂಗಳೂರಿನಲ್ಲಿ ಎಡಗೈಯಿಂದ ಗಿಯರು ಹಾಕಲು ಕಲಿತು, ಅಲ್ಲಿ ಬಲಗೈಯಿಂದ ಹಾಕುವ ನಮ್ಮ ಹುಡುಗರು ಈ ಭೇದವನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಆದ್ದರಿಂದ ಮೊದಲ ನಿಯಮ: ಮುಷ್ಟಿ ಬೇಡ, ಅಂಗೈ ಸಾಕು. ಮೂರರಿಂದ ನಾಲ್ಕಕ್ಕೆ ಹೋಗುವಾಗ ಒಂದು-ಎರಡರ ಸಾಲಿನಿಂದ ದೂರಕ್ಕೆ ಹಿಡಿಯನ್ನು ಮೃದುವಾಗಿ ಒತ್ತುವಂತೆ ಅಂಗೈಯನ್ನು ಇಟ್ಟುಕೊಳ್ಳಬೇಕು. ತಪ್ಪಿದರೂ ಆರಕ್ಕೆ ತಪ್ಪಲಿ. ಆಗ ಎಂಜಿನ್ನು ಮುಗ್ಗರಿಸುತ್ತದೆಯೇ ಹೊರತು ಸಾಯುವುದಿಲ್ಲ. ಹಿಡಿಯ ಬುಡದಲ್ಲಿರುವ ಸ್ಪ್ರಿಂಗು ಅದನ್ನು ತಾನಾಗಿಯೇ ನಡುವಿನ ಸಾಲಿಗೆ, ಎಂದರೆ ಮೂರು-ನಾಲ್ಕರ ದಾರಿಗೆ ತರುತ್ತದೆ. ಎರಡರಿಂದ ಮೂರಕ್ಕೆ ಹೋಗುವಾಗ ಆ ಸ್ಪ್ರಿಂಗಿಗೆ ತನ್ನ ಕೆಲಸ ಮಾಡಲು ಬಿಡಬೇಕು. ಓರೆಯಾಗಿ ನೂಕುವ ಅವಸರದ ಕೈ ಮೂರಕ್ಕೆ ಬದಲು ಒಂದರ ಬಾಗಿಲು ತಟ್ಟುತ್ತದೆ. ನನಗೆ ಅಂಬಾಸಡರ್ ಗಾಡಿಯಲ್ಲಿ ಚಾಲನೆ ಕಲಿಸಿದ ಹಿರಿಯ ಡ್ರೈವರೊಬ್ಬರು, “ಗಿಯರನ್ನು ಹಾಕಬೇಡಿ ಸ್ವಾಮಿ, ಬೀಳಲು ಬಿಡಿ” ಎನ್ನುತ್ತಿದ್ದರು. ಆಗ ಒಗಟಿನಂತೆ ಕೇಳಿಸಿದ ಮಾತು ಈಗ ಅಪ್ಪಟ ಯಂತ್ರಶಾಸ್ತ್ರವೆನಿಸುತ್ತದೆ.

ಎರಡನೆಯ ನಿಯಮ: ಹಿಡಿ ಬೇಡವೆಂದಾಗ ಬಲಾತ್ಕಾರ ಮಾಡಬಾರದು. ಹಳೆಯ ಲಾರಿಗಳಲ್ಲಿ ಡ್ರೈವರು ಎರಡು ಸಲ ಕ್ಲಚ್ಚು ಒತ್ತಿ, ಕಿವಿಯಿಂದಲೇ ವೇಗವನ್ನು ಅಳೆದು ಗಿಯರು ಹಾಕುತ್ತಿದ್ದ. ತಪ್ಪಾದರೆ ಹಲ್ಲುಗಳೇ ಅರಚಿ ಹೇಳುತ್ತಿದ್ದವು. 1928ರಲ್ಲಿ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಸಿಂಕ್ರೋಮೆಷ್ ಎಂಬ ಏರ್ಪಾಟು ಬಂದಿತು. ಹಲ್ಲುಗಳು ಕೂಡುವ ಮೊದಲು ಅವುಗಳ ವೇಗವನ್ನು ಅದು ಸರಿಗೂಡಿಸುತ್ತದೆ. ದೊಡ್ಡ ಉಪಕಾರವೇ. ಆದರೆ ಈ ಸೇವಕನಿಗೆ ವಿಧೇಯತೆ ಉಂಟು, ವಿವೇಕವಿಲ್ಲ. ತಪ್ಪಾದ ಗಿಯರನ್ನು ಕೇಳಿದರೂ ಬಲವಾಗಿ ತಳ್ಳಿದರೆ ತಂದುಕೊಡುತ್ತದೆ. ಒಂದೇ ಒಂದು ಸೂಚನೆ ಮಾತ್ರ ಕೊಡುತ್ತದೆ: ವೇಗದ ಅಂತರ ದೊಡ್ಡದಾಗಿದ್ದಾಗ ಹಿಡಿ ಎಂದಿಗಿಂತ ಬಿಗಿಯಾಗುತ್ತದೆ. ಆ ಬಿಗುವೇ ಅದರ ಮೊರೆ.

ಮೂರನೆಯದು: ಕ್ಲಚ್ಚು ಕಡೆಯ ಬಾಗಿಲು. ಕೈ ತಪ್ಪಿದಾಕ್ಷಣ ಎಂಜಿನ್ನು ಕೆಡುವುದಿಲ್ಲ. ಕೈಯ ತಪ್ಪಿಗೆ ಕಾಲು ಒಪ್ಪಿಗೆ ಕೊಟ್ಟಾಗ ಕೆಡುತ್ತದೆ. ಸಂದೇಹ ಬಂದರೆ ಕಾಲನ್ನು ಎತ್ತಬೇಡಿ. ಕ್ಲಚ್ಚು ಒತ್ತಿಕೊಂಡೇ ಹಿಡಿಯನ್ನು ನ್ಯೂಟ್ರಲಿಗೆ ತಂದು ಮತ್ತೆ ಯೋಚಿಸಿ. ಬಿಟ್ಟಾಗಿ ಎಂಜಿನ್ನು ಕಿರುಚಿತೋ, ತಕ್ಷಣ ಮತ್ತೆ ಒತ್ತಿ. ಅನಂತರ ಸುರಕ್ಷಿತವಾದ ಸ್ಥಳದಲ್ಲಿ ನಿಲ್ಲಿಸಿ, ಎಂಜಿನ್ನು ಆರಿಸಿ, ಬಲ್ಲವರಿಗೆ ತೋರಿಸಿ.

ಇನ್ನು ಸಣ್ಣಪುಟ್ಟ ಎಚ್ಚರಿಕೆಗಳು. ತಿರುವಿನ ನಡುವೆ ಮೈ ಒಂದು ಕಡೆ ವಾಲಿರುವಾಗ ಗಿಯರು ಬದಲಾಯಿಸದೆ, ತಿರುವಿಗೆ ಮೊದಲೇ ಆ ಕೆಲಸ ಮುಗಿಸಬೇಕು. ಬೆಲ್ಟು ಬಿಗಿಯಾಗಿರಬೇಕು, ಸೀಟು ಮೈಯನ್ನು ಹಿಡಿದಿರಬೇಕು. ಇಲ್ಲವಾದರೆ ಹಿಡಿಯೇ ಆಸರೆಯ ಕಂಬವಾಗುತ್ತದೆ. ಮೇಲಿನಿಂದ ಇಳಿಯುವಾಗ, ಮೊದಲು ಬ್ರೇಕು ಒತ್ತಿ ವೇಗ ತಗ್ಗಿಸಿ, ಆಮೇಲೆ ಗಿಯರು ಇಳಿಸಬೇಕು. ಐದರಿಂದ ನಾಲ್ಕಕ್ಕೆ ಬರುವ ಕೈ ಎರಡಕ್ಕೆ ಹಾರುವುದೂ ಉಂಟು. ಎಂಜಿನ್ನನ್ನು ಹೊತ್ತ ರಬ್ಬರು ದಿಂಬುಗಳೂ ಗಿಯರು ಹಿಡಿಯ ಬುಡದ ಬುಶ್ಶುಗಳೂ ಸವೆದಿದ್ದರೆ, ಗಿಯರುಗಳ ದಾರಿಯೇ ಕದಲಾಡುತ್ತದೆ. ನುರಿತ ಕೈಯೂ ಆಗ ಕುರುಡಾಗುತ್ತದೆ. ಅವುಗಳನ್ನು ಬದಲಿಸುವ ಖರ್ಚು ಎಂಜಿನ್ನಿನ ಜೀವವಿಮೆಯ ಕಂತೆಂದು ತಿಳಿಯಬೇಕು.

ತಯಾರಕರೂ ಸುಮ್ಮನಿಲ್ಲ. ಪೋರ್ಷೆ ಸಂಸ್ಥೆ 2011ರಲ್ಲಿ ತನ್ನ 911 ಕಾರಿಗೆ ಏಳು ಗಿಯರಿನ ಪೆಟ್ಟಿಗೆಯನ್ನು ಕೊಟ್ಟಾಗ, ಐದು ಅಥವಾ ಆರನೆಯದರಿಂದಲ್ಲದೆ ಏಳಕ್ಕೆ ಹೋಗದಂತೆ ಬೀಗವೊಂದನ್ನು ಇರಿಸಿತು. ತಾನಾಗಿ ಗಿಯರು ಬದಲಿಸುವ ಇಂದಿನ ಕಾರುಗಳಲ್ಲಿ, ಎಂಜಿನ್ನಿಗೆ ಅಪಾಯವಾಗುವ ಗಿಯರನ್ನು ಕೇಳಿದರೆ ಗಣಕವು ಕೊಡುವುದೇ ಇಲ್ಲ. ಕೈಯಿಂದ ಗಿಯರು ಹಾಕುವ ವೇಗದ ಕಾರುಗಳು ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿವೆ. ಅಷ್ಟಾದರೂ ಅವನ್ನೇ ಹುಡುಕಿಕೊಂಡು ಹೋಗುವ ಜನ ಇದ್ದಾರೆ. ತಪ್ಪುವ ಸ್ವಾತಂತ್ರ್ಯ ಇರುವಲ್ಲಿ ಮಾತ್ರವೇ ಸರಿಯಾಗಿ ಮಾಡಿದ ಸಂತೋಷವೂ ಇರುವುದೆಂದು ಅವರ ವಾದ. ಅದನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ.

ಹಳೆಯ ಕಾರನ್ನು ಕೊಳ್ಳುವವರಿಗೂ ಒಂದು ಮಾತು. ಎಂಜಿನ್ನು ಎಷ್ಟು ಸಲ ಮಿತಿ ಮೀರಿ ತಿರುಗಿತೆಂಬುದನ್ನು ಪೋರ್ಷೆಯಂತಹ ಕಾರುಗಳ ಗಣಕ ಬರೆದಿಟ್ಟುಕೊಳ್ಳುತ್ತದೆ. ಕೊಳ್ಳುವ ಮೊದಲು ಆ ಲೆಕ್ಕವನ್ನು ತೆಗೆಸಿ ನೋಡುವುದು ಅಲ್ಲಿ ರೂಢಿ. ಚಿತ್ರಗುಪ್ತನ ಕಡತವಿದ್ದಂತೆ, ಮಾಲೀಕನ ನಯವಾದ ಮಾತಿಗೆ ಅದು ಮರುಳಾಗುವುದಿಲ್ಲ. ಹಳೆಯ ಗಾಡಿಗಳಲ್ಲಿ ಬಹುಮಟ್ಟಿಗೆ ಈ ಚಿತ್ರಗುಪ್ತನಿಲ್ಲ. ಅಲ್ಲಿ ಕಡತ ಬರೆಯಬೇಕಾದವನು ಚಾಲಕನೇ.

ಕಳೆದ ವರ್ಷ ನನ್ನ ಅಳಿಯ, ಮಗು ಹುಟ್ಟಿದ ಮೇಲೆ, ಎರಡು ಸೀಟಿನ ಆ ಕಾರನ್ನು ಮಾರಿದ. ಕೊಳ್ಳಲು ಬಂದ ತರುಣನಿಗೆ ಎಂಜಿನ್ನಿನ ಸದ್ದು ಮೆಚ್ಚಿಗೆಯಾಗಿತ್ತು. ಅವನು ಏನನ್ನೂ ಕೇಳಲಿಲ್ಲ. ಅಳಿಯ ತಾನಾಗಿಯೇ ಮೆಕ್ಯಾನಿಕನ ರಸೀತಿಯನ್ನೂ ಬಿರುಕು ಬಿಟ್ಟ ಬಿಲ್ಲೆಯನ್ನೂ ಅವನ ಕೈಗಿತ್ತು ನಡೆದುದನ್ನೆಲ್ಲ ಹೇಳಿದನಂತೆ. ಬೆಲೆ ಕೊಂಚ ಇಳಿಯಿತು. “ನಷ್ಟವಾಯಿತೇನಯ್ಯ?” ಎಂದು ದೂರವಾಣಿಯಲ್ಲಿ ಕೇಳಿದೆ. “ಸ್ವಲ್ಪ ಆಯಿತು ಮಾವ. ಆದರೆ ಆ ಹುಡುಗ ಹೊರಡುವಾಗ ಗಿಯರು ಹಾಕಿದ್ದನ್ನು ನೋಡಿದೆ. ಮುಷ್ಟಿ ಹಿಡಿಯಲಿಲ್ಲ” ಎಂದ.